ಗ್ಲೌಸ್ ಕಳಚಿದ ಮೇಲೆ?

ಪ್ರಶ್ನೆ: ಮಗಳಿಗೆ 15 ವರ್ಷ, ಬಾಕ್ಸಿಂಗ್ ಹುಚ್ಚು. ಆಟ ನಿಂತ ಮೇಲೆ ಅವಳ ಗತಿ ಏನು ಮೇಡಂ?
– ಒಬ್ಬ ತಾಯಿ, ಹಾಸನ

ಉತ್ತರ: ನನ್ನಮ್ಮನೂ ಇದನ್ನೇ ಕೇಳಿದ್ದರು. ಮಣಿಪುರದ ಬಾಕ್ಸರ್ ಸರಿತಾ ದೇವಿಯವರನ್ನು ನೋಡಿ. 2006ರಲ್ಲಿ ದೆಹಲಿಯಲ್ಲಿ ವಿಶ್ವ ಚಾಂಪಿಯನ್ ಆದರು. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಸೆಮಿಫೈನಲ್ ತೀರ್ಪು ಅನ್ಯಾಯ ಅಂತ ಅಳುತ್ತಲೇ ತಮ್ಮ ಕಂಚಿನ ಪದಕವನ್ನು ಎದುರಾಳಿಯ ಕೊರಳಿಗೆ ಹಾಕಿಬಿಟ್ಟರು. ಆ ದೃಶ್ಯ ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಅದಕ್ಕೆ 1 ವರ್ಷ ನಿಷೇಧ. ಮನೆಯಲ್ಲಿ ಪುಟ್ಟ ಮಗ ಬೇರೆ. ಆದರೂ 2017ರಲ್ಲಿ ಇಂಫಾಲದಲ್ಲೇ ವೃತ್ತಿಪರ ರಿಂಗಿಗಿಳಿದು ಮೊದಲ ಪಂದ್ಯ ಗೆದ್ದರು. ಗಂಡನ ಜೊತೆ ಕಟ್ಟಿದ ಅಕಾಡೆಮಿಯಲ್ಲಿ ಅಲ್ಲಿನ ಮಕ್ಕಳನ್ನು ತಯಾರು ಮಾಡಿದರು. ಕೋಚ್ ಆಗೋದೂ ಒಂದು ದಾರಿ, ಅಲ್ವಾ? ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ (ಎನ್‌ಐಎಸ್) ಕೋಚಿಂಗ್ ಡಿಪ್ಲೊಮಾ ಇದೆ. ಮಗಳ ಓದು ಮಾತ್ರ ಬಿಡಿಸಬೇಡಿ, ಅಲ್ಲಿಗೆ ಅದೂ ಬೇಕು.