ಚರ್ಮ ಸ್ಪಂಜಲ್ಲ: ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

ಸ್ಟೆರಾಯ್ಡ್ ಮುಲಾಮುಗಳ ಕುರಿತು ನೀವು ಕಳುಹಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ಭಾಷೆ ಸರಾಗವಾಗಿದೆ. ಆದರೆ "ಚರ್ಮ ಸ್ಪಂಜಿನಂತೆ ಔಷಧವನ್ನು ಹೀರಿ ರಕ್ತಕ್ಕೆ ಸೇರಿಸುತ್ತದೆ" ಎಂದು ಎರಡನೆಯ ವಾಕ್ಯದಲ್ಲೇ ದಾರಿ ತಪ್ಪಿದ್ದೀರಿ. ಮುಂದೆ ಓದುಗರನ್ನು ಹೆದರಿಸಿದ್ದೆಲ್ಲ ಅದರ ಬಲದಿಂದಲೇ.

ಆರೋಗ್ಯವಾಗಿರುವ ಚರ್ಮದ ಕೆಲಸವೇ ತಡೆಯುವುದು. ಸತ್ತ ಕೋಶಗಳೂ ಅವುಗಳ ನಡುವಿನ ಕೊಬ್ಬೂ ಸೇರಿದ ತೆಳುವಾದ ಮೇಲ್ಪದರವೇ ಹೆಚ್ಚಿನ ಔಷಧವನ್ನು ಹೊರಗೆ ನಿಲ್ಲಿಸುತ್ತದೆ. 1967ರಲ್ಲಿ ಅಮೆರಿಕದ ಸಂಶೋಧಕರಾದ ಫೆಲ್ಡ್‌ಮನ್ ಮತ್ತು ಮೈಬಾಕ್ ಮೈಯ ಬೇರೆ ಬೇರೆ ಭಾಗಗಳಿಗೆ ಹೈಡ್ರೊಕಾರ್ಟಿಸೋನ್ ಎಂಬ ಸ್ಟೆರಾಯ್ಡ್ ಹಚ್ಚಿ, ಮೂತ್ರದಲ್ಲಿ ಎಷ್ಟು ಬಂತೆಂದು ಅಳೆದರು. ಮುಂದೋಳಿನಲ್ಲಿ ಒಳಗಿಳಿದದ್ದು ಸುಮಾರು ಶೇ. 1. ಹಣೆಯಲ್ಲಿ ಅದರ 6 ಪಟ್ಟು, ದವಡೆಯ ಮೂಲೆಯಲ್ಲಿ 13 ಪಟ್ಟು, ವೃಷಣದ ಚರ್ಮದಲ್ಲಿ 42 ಪಟ್ಟು. ಅಂಗಾಲಿನಲ್ಲಿ ಏಳನೆಯ ಒಂದು ಪಾಲು. ನಮ್ಮಲ್ಲಿ ತೊಡೆಸಂದಿನ ತುರಿಕೆಗೆ ಔಷಧದಂಗಡಿಯವರನ್ನೇ ಕೇಳಿ ತೀಕ್ಷ್ಣ ಮುಲಾಮು ತರುವವರಿಗೆ ಬೇಕಾದ ಲೆಕ್ಕ ಇದು. ನಿಮ್ಮ ಲೇಖನದಲ್ಲಿ ಇದರ ಸುಳಿವೂ ಇಲ್ಲ.

"ಸೋರಿಯಾಸಿಸ್‌ನ ದಪ್ಪ ಚರ್ಮದೊಳಗೆ ಏನೂ ಇಳಿಯದು" ಎಂದಿದ್ದೀರಿ. ಆ ಚರ್ಮರೋಗದಲ್ಲಿ ಮೇಲಿನ ಹೊಟ್ಟು ದಪ್ಪ, ನಿಜ. ಅದರ ಕಟ್ಟು ಮಾತ್ರ ಸಡಿಲ, ಹಾಗಾಗಿ ಔಷಧ ಇಳಿಯುತ್ತದೆ. ಇಸುಬಿನಲ್ಲೂ ತಡೆ ಮುರಿದಿರುವುದರಿಂದ ಔಷಧ ಹೆಚ್ಚು ಇಳಿಯುತ್ತದೆ. ಸ್ವಾರಸ್ಯವೆಂದರೆ, ಚರ್ಮ ವಾಸಿಯಾದಂತೆ ತಡೆಯೂ ಮರಳಿ, ಅದೇ ಮುಲಾಮು ಮೊದಲಿನಷ್ಟು ಒಳಗೆ ಹೋಗುವುದಿಲ್ಲ. ಹೆದರಿ ಚಿಕಿತ್ಸೆಯನ್ನೇ ಬಿಡುವವರಿಗೆ ಇದನ್ನು ಹೇಳಬೇಕಿತ್ತು.

ಅಜ್ಜಿಯೊಬ್ಬರು ಮೊಮ್ಮಗುವಿನ ಕೆಂಪಾದ ತೊಡೆಸಂದಿಗೆ ಮುಲಾಮು ಬಳಿದು ಮೇಲೆ ಡೈಪರ್ ಬಿಗಿದದ್ದನ್ನು ನಾಲ್ಕನೆಯ ಪುಟದಲ್ಲಿ ಎರಡೇ ಸಾಲಿನಲ್ಲಿ ಮುಗಿಸಿದ್ದೀರಿ. ಲೇಖನ ಇರುವುದೇ ಅಲ್ಲಿ! ಗಾಳಿಯಾಡದಂತೆ ಮುಚ್ಚಿದರೆ ಹೀರಿಕೆ ಹತ್ತು ಪಟ್ಟಿನವರೆಗೂ ಏರಬಹುದು. ಮಗುವಿನ ತೂಕಕ್ಕೆ ಹೋಲಿಸಿದರೆ ಮೈಯ ವಿಸ್ತಾರವೂ ದೊಡ್ಡದು. ಅದು ಯಾವ ಮುಲಾಮು, ಎಷ್ಟು ದಿನ ಹಚ್ಚಿದರು? ಕೇಳಿ ಬರೆಯಿರಿ. ಹೈಡ್ರೊಕಾರ್ಟಿಸೋನ್ ಸೌಮ್ಯ. ಅತಿ ತೀಕ್ಷ್ಣವಾದ ಕ್ಲೊಬೆಟಸೋಲ್‌ಗೆ ವಯಸ್ಕರಲ್ಲೇ ವಾರಕ್ಕೆ 50 ಗ್ರಾಂ, ಸಾಮಾನ್ಯವಾಗಿ ಎರಡು ವಾರ ಎಂಬ ಮಿತಿಯಿದೆ. ಎರಡನ್ನೂ "ಸ್ಟೆರಾಯ್ಡ್" ಎಂದು ಒಂದೇ ಹಗ್ಗಕ್ಕೆ ಕಟ್ಟಬೇಡಿ.

ಆ ಪುಟದಿಂದಲೇ ಆರಂಭಿಸಿ ಮತ್ತೆ ಬರೆದು, ಚರ್ಮವೈದ್ಯರೊಬ್ಬರಿಗೆ ತೋರಿಸಿ ಕಳುಹಿಸಿ. ಕೊನೆಯಲ್ಲಿರುವ ಅರಿಸಿನದ ಮನೆಮದ್ದನ್ನು ಪೂರ್ತಿ ತೆಗೆಯಿರಿ.

ಸಂಪಾದಕ