ಅಮೆರಿಕದ ಹೈಸ್ಕೂಲ್ ಬ್ಯಾಂಡ್ ಡೈರೆಕ್ಟರ್‌ಗಳು ಏನು ಓದಿರುತ್ತಾರೆ? ಅವರಿಗೆ ಎಲ್ಲ ವಾದ್ಯಗಳೂ ಬರುತ್ತವಾ?

ಹೆಚ್ಚಿನವರು ತಾವೇ ಶಾಲೆಯ ಬ್ಯಾಂಡಿನಲ್ಲಿ ನುಡಿಸಿ ಬೆಳೆದವರು. ಆಮೇಲೆ ಕಾಲೇಜಿನಲ್ಲಿ ಸಂಗೀತ ಶಿಕ್ಷಣದ ಪದವಿ ಓದುತ್ತಾರೆ. ಸರ್ಕಾರಿ ಶಾಲೆಯ ಕೆಲಸಕ್ಕೆ ಸಾಮಾನ್ಯವಾಗಿ ರಾಜ್ಯದ ಶಿಕ್ಷಕ ಪರವಾನಗಿಯೂ ಬೇಕು. ನಮ್ಮ ಬಿ.ಎಡ್. ಓದುವವರ ಹಾಗೆ ಅವರೂ ಹಲವು ವಾರ ಶಾಲೆಗೆ ಹೋಗಿ ಪಾಠ ಮಾಡಿರುತ್ತಾರೆ.

ಚೆನ್ನಾಗಿ ನುಡಿಸುವುದು ಒಂದೆರಡು ವಾದ್ಯ ಮಾತ್ರ. ಉಳಿದ ಕ್ಲಾರಿನೆಟ್, ಟ್ರಂಪೆಟ್, ಟ್ರೊಂಬೋನ್, ಡ್ರಮ್ ಎಲ್ಲವನ್ನೂ ಹೊಸಬರಿಗೆ ಹೇಳಿಕೊಡುವಷ್ಟು ಕಲಿತಿರುತ್ತಾರೆ. ಯಾಕಂದ್ರೆ ಎಲ್ಲ ವಾದ್ಯದ ಮಕ್ಕಳೂ ಒಂದೇ ಕೋಣೆಯಲ್ಲಿ ಕೂತಿರುತ್ತಾರೆ, ಮುಂದೆ ನಿಂತ ಮೇಷ್ಟ್ರು ಹೆಚ್ಚಾಗಿ ಒಬ್ಬರೇ. ಅದರ ಜೊತೆಗೆ ಇನ್ನೊಂದು ತೊಡಕಿದೆ. ಹಾಳೆಯಲ್ಲಿ ಬರೆದ 'ಸಿ' ಸ್ವರ ಫ್ಲೂಟಿನಲ್ಲಿ ಸಿ ಆಗಿಯೇ ಕೇಳುತ್ತದೆ. ಬ್ಯಾಂಡಿನ ಮಾಮೂಲಿ ಕ್ಲಾರಿನೆಟ್ಟಿನಲ್ಲಿ ಅದೇ ಬರಹ 'ಬಿ ಫ್ಲಾಟ್' ಆಗುತ್ತದೆ, ಫ್ರೆಂಚ್ ಹಾರ್ನಿನಲ್ಲಿ 'ಎಫ್'! ಇಷ್ಟರ ಮಧ್ಯೆ ಯಾರೋ ಅಪಸ್ವರ ಹಿಡಿದರೆ, ತಪ್ಪಿದ್ದು ಬೆರಳೋ ಉಸಿರೋ ಎಂದು ಥಟ್ಟನೆ ಗೊತ್ತಾಗಬೇಕು ಅಲ್ವಾ? ನನ್ನ ಪ್ರಕಾರ ಆ ಕಿವಿಯೇ ಅವರ ನಿಜವಾದ ವಿದ್ಯೆ.

ಇನ್‌ಸ್ಟ್ರಕ್ಟರ್‌ಗಳು ಬೇರೆ. ಡ್ರಮ್ ಸಾಲನ್ನೋ ಬಾವುಟ ಬೀಸುವ ತಂಡವನ್ನೋ ತಿದ್ದಲು ಬರುವ ಇವರಲ್ಲಿ ಪಾರ್ಟ್‌ಟೈಮ್‌ನವರೇ ಜಾಸ್ತಿ. ಅನೇಕರು ಡ್ರಮ್ ಕೋರ್‌ಗಳಲ್ಲಿ, ಅಂದರೆ ಬೇಸಿಗೆಯಲ್ಲಿ ಊರೂರು ಸುತ್ತಿ ಸ್ಪರ್ಧಿಸುವ ಯುವಜನರ ತಂಡಗಳಲ್ಲಿ, ಪಳಗಿದವರು.

ಡೈರೆಕ್ಟರ್ ಕೆಲಸ ಗಂಟೆ ಹೊಡೆದ ಮೇಲೂ ಮುಗಿಯುವುದಿಲ್ಲ. ಶುಕ್ರವಾರ ರಾತ್ರಿ ಶಾಲೆಯ ಫುಟ್‌ಬಾಲ್ ಪಂದ್ಯದಲ್ಲಿ ಬ್ಯಾಂಡ್ ನುಡಿಸಬೇಕು, ಶನಿವಾರ ಬ್ಯಾಂಡ್ ಸ್ಪರ್ಧೆ. ಬಸ್ಸು, ಯೂನಿಫಾರ್ಮ್, ಚಂದಾ ಎತ್ತುವುದನ್ನೂ ಅವರೇ ನೋಡಿಕೊಳ್ಳಬೇಕಾಗುತ್ತದೆ. ಅನುಭವವಾದ ಮೇಲೆ ಕೆಲವರು ಇಡೀ ಶಾಲಾ ಜಿಲ್ಲೆಯ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತದ) ಸಂಗೀತ ವಿಭಾಗದ ಹೊಣೆ ಹೊರುತ್ತಾರೆ, ಕೆಲವರು ಕಾಲೇಜಿನಲ್ಲಿ ಕಲಿಸಲು ಹೋಗುತ್ತಾರೆ.