ಪರೀಕ್ಷೆಯಿಲ್ಲದೆ ನುಂಗುತ್ತಿದ್ದ ಎಚ್‌ಐವಿ ತಡೆ ಮಾತ್ರೆ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಸಲಹಾರ್ಥಿ ಮೂವತ್ತರ ಆಸುಪಾಸಿನ ಉದ್ಯೋಗಸ್ಥರು. ಪುರುಷರೊಂದಿಗೆ ಸಂಬಂಧ ಹೊಂದಿರುವವರು. ನಿದ್ದೆ ಬರುತ್ತಿಲ್ಲವೆಂದು ಬಂದವರು, ಎರಡನೆಯ ಭೇಟಿ ಮುಗಿಯುವ ಹೊತ್ತಿಗೆ ಚೀಲದಿಂದ ವಿಟಮಿನ್ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದರೊಳಗಿದ್ದುದು ಟೆನೊಫೊವಿರ್ ಮತ್ತು ಎಮ್‌ಟ್ರಿಸಿಟಾಬಿನ್ ಸೇರಿದ, ಎಚ್‌ಐವಿ ತಗುಲದಂತೆ ಮುಂಚಿತವಾಗಿ ತೆಗೆದುಕೊಳ್ಳುವ ಪ್ರೆಪ್ ಮಾತ್ರೆಗಳು. ಗೆಳೆಯರೊಬ್ಬರು ಕೊಟ್ಟಿದ್ದ ಅವನ್ನು ಮನೆಯವರ ಕಣ್ಣಿಗೆ ಬೀಳದಿರಲೆಂದು ಈ ಡಬ್ಬಿಗೆ ಸುರಿದುಕೊಂಡಿದ್ದರಿಂದ, ಅವುಗಳ ಅವಧಿ ಎಂದು ಮುಗಿಯುತ್ತದೆಂಬುದೂ ಅವರಿಗೆ ತಿಳಿದಿರಲಿಲ್ಲ. ಸಂಗಾತಿಯನ್ನು ಕೂಡುವ ದಿನ ಒಂದು ಮಾತ್ರೆ ನುಂಗುತ್ತಿದ್ದರು, ಅಷ್ಟೇ. ಎಚ್‌ಐವಿ ಪರೀಕ್ಷೆ ಒಮ್ಮೆಯೂ ಆಗಿರಲಿಲ್ಲ.

“ನಮ್ಮ ಡಾಕ್ಟರೇ ಅಪ್ಪ ಅಮ್ಮನಿಗೂ ಡಾಕ್ಟರು. ಅವರೆದುರು ಹೇಗೆ ಬಾಯಿ ಬಿಡಲಿ ಮೇಡಂ?” ಎಂದರು. ಈ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಇದೊಂದನ್ನು ಬಚ್ಚಿಡಲು ಹೋಗಿ ಅವರು ಜ್ವರ ಬಂದರೂ ವೈದ್ಯರ ಬಳಿ ಹೋಗುವುದನ್ನು ಬಿಟ್ಟಿದ್ದರು. ತಲೆನೋವಿಗೆ ಅಂಗಡಿಯಿಂದ ತಾವೇ ನೋವಿನ ಮಾತ್ರೆ ತಂದು ಪದೇ ಪದೇ ನುಂಗುತ್ತಿದ್ದರು. ಟೆನೊಫೊವಿರ್ ಜೊತೆಗೆ ಕೆಲವು ನೋವಿನ ಮಾತ್ರೆಗಳು ಸೇರಿದರೆ ಮೂತ್ರಪಿಂಡಕ್ಕೆ ಹೊರೆಯಾಗುತ್ತದೆ ಎಂದು ಅವರಿಗೆ ಹೇಳುವವರೇ ಇರಲಿಲ್ಲ.

ಕಳೆದ ಮೂರು ದಿನಗಳಲ್ಲಿ ಅಪಾಯದ ಸಂಪರ್ಕವೇನಾದರೂ ಆಗಿದೆಯೇ ಎಂದು ಮೊದಲು ಕೇಳಿದೆ. ಆಗಿದ್ದರೆ, 72 ಗಂಟೆಗಳೊಳಗೆ ಆರಂಭಿಸಿ 28 ದಿನ ಮುಂದುವರಿಸಬೇಕಾದ ಬೇರೆಯೇ ಚಿಕಿತ್ಸೆಗೆ ಅವರನ್ನು ಅಂದೇ ಕಳುಹಿಸಬೇಕಿತ್ತು. ಆಗಿಲ್ಲವೆಂದರು. ಆ ಬಳಿಕ, ಪರೀಕ್ಷೆಯಿಲ್ಲದೆ ಈ ಮಾತ್ರೆ ಏಕೆ ಕೂಡದೆಂದು ವಿವರಿಸಿದೆ. ಸೋಂಕು ಆಗಲೇ ಇದ್ದರೆ ಅದನ್ನು ಹತ್ತಿಕ್ಕಲು ಈ ಎರಡು ಔಷಧಗಳು ಸಾಲುವುದಿಲ್ಲ, ವೈರಸ್ಸು ಅವುಗಳಿಗೆ ಬಗ್ಗದಂತಾಗಿ ಮುಂದಿನ ಚಿಕಿತ್ಸೆಯೇ ಕಷ್ಟವಾಗಬಹುದು. ಹೆಪಟೈಟಿಸ್ ಬಿ ಇದ್ದವರು ಇವನ್ನು ಥಟ್ಟನೆ ನಿಲ್ಲಿಸಿದರೆ ಯಕೃತ್ತಿನ ಉರಿಯೂತ ಉಲ್ಬಣಿಸಬಹುದು. ಆದ್ದರಿಂದ ಈ ಎರಡು ಪರೀಕ್ಷೆಗಳೂ ಮೂತ್ರಪಿಂಡದ ಕ್ರಿಯಾಟಿನಿನ್ ಪರೀಕ್ಷೆಯೂ ಆಗಬೇಕು. ಆರಂಭಿಸಿದ ಮೇಲೂ ಮೂರು ತಿಂಗಳಿಗೊಮ್ಮೆ ಎಚ್‌ಐವಿ ಪರೀಕ್ಷೆ ತಪ್ಪಬಾರದು. ವೈದ್ಯರು ಹೇಳಿದಂತೆ ತೆಗೆದುಕೊಂಡರೆ ಲೈಂಗಿಕ ಸಂಪರ್ಕದಿಂದ ಎಚ್‌ಐವಿ ತಗುಲುವ ಸಾಧ್ಯತೆ ಸುಮಾರು 99 ಶೇಕಡಾದಷ್ಟು ತಗ್ಗುತ್ತದೆ, ಆದರೆ ಬೇಕೆನಿಸಿದಾಗ ನುಂಗಿದ ಒಂದು ಮಾತ್ರೆಗೆ ಆ ಭರವಸೆಯಿಲ್ಲ. ಸಿಫಿಲಿಸ್, ಗೊನೊರಿಯಾಗಳನ್ನು ಪ್ರೆಪ್ ತಡೆಯುವುದೇ ಇಲ್ಲವಾದ್ದರಿಂದ ಕಾಂಡೋಮ್ ಬಿಡಬೇಡಿ ಎಂದೆ.

ಬೇರೊಬ್ಬ ವೈದ್ಯರನ್ನು ಕಾಣಲು ಒಪ್ಪಿದರೂ ಮಾತು ಹೇಗೆ ಆರಂಭಿಸುವುದೆಂಬ ಅಳುಕು ಉಳಿದಿತ್ತು. “ನಾನು ಪ್ರೆಪ್ ತೆಗೆದುಕೊಳ್ಳಬೇಕೆಂದಿದ್ದೇನೆ, ಅದಕ್ಕೆ ಬೇಕಾದ ಪರೀಕ್ಷೆಗಳನ್ನು ಬರೆದುಕೊಡಿ” ಎಂಬ ಒಂದೇ ವಾಕ್ಯವನ್ನು ನನ್ನೆದುರು ಹಲವು ಬಾರಿ ಹೇಳಿಸಿದೆ. ಮೊದಲ ಬಾರಿ ದನಿ ಹೊರಡಲಿಲ್ಲ. ಬರಬರುತ್ತ ನನ್ನ ಮುಖ ನೋಡಿ ಹೇಳಿದರು. ಆ ವಾರವೇ ಹೋಗಿಬಂದರು. ಎಚ್‌ಐವಿ ಇಲ್ಲವೆಂದು ವರದಿ ಬಂತು. ಇತ್ತೀಚಿನ ಸೋಂಕು ಒಡನೆಯೇ ಪತ್ತೆಯಾಗದಿರಬಹುದಾದ್ದರಿಂದ ಮರುಪರೀಕ್ಷೆಗೂ ವೈದ್ಯರು ದಿನ ಕೊಟ್ಟರು.

ಮಾತ್ರೆ ಬಚ್ಚಿಡಬೇಕಾದವರಿಗೆ ಎರಡು ತಿಂಗಳಿಗೊಮ್ಮೆ ಕೊಡುವ ಕ್ಯಾಬೊಟೆಗ್ರಾವಿರ್, ಆರು ತಿಂಗಳಿಗೊಮ್ಮೆ ಕೊಡುವ ಲೆನಕಾಪಾವಿರ್ ಚುಚ್ಚುಮದ್ದುಗಳು ಹೆಚ್ಚು ಅನುಕೂಲವೆಂದು ನನ್ನ ಅಭಿಪ್ರಾಯ; ಅವು ಸಿಗುವವೇ ಎಂದು ವೈದ್ಯರಲ್ಲಿ ವಿಚಾರಿಸಲು ತಿಳಿಸಿದ್ದೇನೆ. ಮನೆಯ ವೈದ್ಯರಿಗೆ ಎಲ್ಲವನ್ನೂ ಹೇಳಲೇಬೇಕೆಂದು ಒತ್ತಾಯಿಸಲಿಲ್ಲ. ಆದರೆ ಯಾವ ವೈದ್ಯರು ಯಾವ ಔಷಧ ಬರೆಯುವಾಗಲೂ, ತಾವು ತೆಗೆದುಕೊಳ್ಳುತ್ತಿರುವ ಮಾತ್ರೆಯ ಹೆಸರನ್ನು ಮೊದಲು ತಿಳಿಸಬೇಕೆಂದು ಕೇಳಿಕೊಂಡಿದ್ದೇನೆ.